ಎಐ ಕೋಡ್ ಬರೆಯಿತು, ಆಟದ ಲೆಕ್ಕ ನಾನು ಹೇಳಿಕೊಟ್ಟೆ

ನಾನು ಬೆಂಗಳೂರಿನಲ್ಲಿ ಸ್ವಂತವಾಗಿ ಸಾಫ್ಟ್‌ವೇರ್ ಬರೆದು ಜೀವನ ಮಾಡುವವನು. ಸಂಜೆಯಾದರೆ ಬ್ಯಾಸ್ಕೆಟ್‌ಬಾಲ್ ಕೋರ್ಟ್‌ನಲ್ಲಿ ಇರುತ್ತೇನೆ. ಅಲ್ಲಿ ಮಕ್ಕಳಿಗೆ ಆಟ ಕಲಿಸುವ ಕೋಚ್‌ಗೆ ಒಂದು ಕೊರತೆ ಇತ್ತು. "ಮ್ಯಾಚ್ ಮುಗಿದ ಮೇಲೆ ಸ್ಕೋರ್ ಶೀಟ್ ಬಿಟ್ರೆ ನನ್ನ ಕೈಲಿ ಏನೂ ಉಳಿಯಲ್ಲ. ಯಾರು ಎಲ್ಲಿಂದ ಹೊಡೆದ್ರು, ಒಳಗೆ ಬೀಳದೆ ಪುಟಿದ ಬಾಲನ್ನ, ಅಂದ್ರೆ ರೀಬೌಂಡ್‌ನ, ಯಾರು ಹಿಡಿದ್ರು, ಏನೂ ಗೊತ್ತಾಗಲ್ಲ. ನೀವು ಒಂದು ಆ್ಯಪ್ ಮಾಡಿಕೊಡ್ತೀರಾ?" ಅಂದರು. ಒಪ್ಪಿಕೊಂಡೆ. ಕೋಡ್‌ನ ಹೆಚ್ಚಿನ ಭಾಗವನ್ನು ಎಐ ಕೈಲಿ ಬರೆಸಿದೆ.

ಎಐ ಅಂದ ತಕ್ಷಣ ಎಲ್ಲರೂ ಕೇಳಿದ್ದು ಕ್ಯಾಮೆರಾ. ಫೋನ್ ಇಟ್ಟರೆ ಅದೇ ನೋಡಿ ಎಣಿಸಬಾರದಾ ಅಂತ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ 2013-14ರ ಸೀಸನ್‌ನಿಂದ ಎಲ್ಲ ಅಂಗಣಗಳಲ್ಲೂ ಆಟಗಾರರ ಚಲನೆ ದಾಖಲಿಸುವ ಕ್ಯಾಮೆರಾ ಹಾಕಿತು. ಆದರೆ ಆಗ ಅಲ್ಲಿ ಒಂದೊಂದು ಅಂಗಣದಲ್ಲಿ ಆರು ಕ್ಯಾಮೆರಾ ಇದ್ದವು, ಅವೆಲ್ಲ ಮೇಲಿನಿಂದ ನೋಡುತ್ತಿದ್ದವು. ನಮ್ಮಲ್ಲಿ ಬೆಂಚಿನ ಪಕ್ಕ ಸ್ಟ್ಯಾಂಡ್ ಮೇಲೆ ಒಂದು ಫೋನ್. ರಿಂಗ್ ಕೆಳಗೆ ಐದಾರು ಮಕ್ಕಳು ಒಟ್ಟಿಗೆ ಜಿಗಿದರೆ ಯಾರ ನಂಬರ್ ಯಾವುದು ಅಂತ ಕಣ್ಣಿಗೇ ಕಾಣುವುದಿಲ್ಲ. ಆಡದೆ ಕೂತಿರುವ ಮಗುವೊಂದು ನೋಡಿ ಬಟನ್ ಒತ್ತುವುದೇ ಇದಕ್ಕಿಂತ ಎಷ್ಟೋ ಉತ್ತಮ. ಆ ಮಗು ಆಟವನ್ನೂ ಗಮನವಿಟ್ಟು ನೋಡುತ್ತದೆ.

ನಿಜವಾದ ಕೆಲಸ ಇದ್ದದ್ದು ನಿಯಮಗಳಲ್ಲಿ. ಬ್ಯಾಸ್ಕೆಟ್‌ಬಾಲ್ ನಿಯಮ ಅಂದರೆ ಎಐಗೆ ಮೊದಲು ನೆನಪಾಗುವುದು ಎನ್‌ಬಿಎ. ಇಂಟರ್‌ನೆಟ್ ತುಂಬ ಇರುವುದೂ ಅದೇ ಅಲ್ವಾ. ನಾವು ಆಡುವುದು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮದಲ್ಲಿ. ಎನ್‌ಬಿಎಯಲ್ಲಿ ಕ್ವಾರ್ಟರ್‌ಗೆ 12 ನಿಮಿಷ, ನಮಗೆ 10. ಅಲ್ಲಿ ಆರನೇ ಫೌಲ್‌ಗೆ ಆಟಗಾರ ಹೊರಗೆ, ನಮ್ಮಲ್ಲಿ ಐದನೆಯದಕ್ಕೇ. ಇವು ಸುಲಭವಾಗಿ ಕಣ್ಣಿಗೆ ಬೀಳುತ್ತವೆ. ಸೂಕ್ಷ್ಮವಾದವು ಬೇರೆ ಇವೆ. ಇಡೀ ತಂಡದ ಫೌಲ್‌ಗಳನ್ನು ಒಟ್ಟು ಸೇರಿಸಿದರೆ ಅದು ಟೀಮ್ ಫೌಲ್; ಒಂದು ಕ್ವಾರ್ಟರ್‌ನಲ್ಲಿ ಅದು ನಾಲ್ಕು ದಾಟಿದರೆ ಎದುರಾಳಿಗೆ ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬಾರದ ಎಸೆತ, ಸಿಗುತ್ತದೆ. ಪಂದ್ಯ ಸಮವಾಗಿ ಓವರ್‌ಟೈಮ್‌ಗೆ ಹೋದರೆ, ಫಿಬಾದಲ್ಲಿ ನಾಲ್ಕನೇ ಕ್ವಾರ್ಟರ್‌ನ ಟೀಮ್ ಫೌಲ್‌ಗಳ ಎಣಿಕೆ ಅಲ್ಲಿಂದಲೇ ಮುಂದುವರಿಯುತ್ತದೆ. ಎಐ ಬರೆದ ಕೋಡ್ ಅದನ್ನು ಸೊನ್ನೆಗೆ ತಂದಿತ್ತು. ಕೋಡ್ ನೋಡಲು ಚೆನ್ನಾಗಿತ್ತು, ಓಡುತ್ತಲೂ ಇತ್ತು. ಆದರೆ ಓವರ್‌ಟೈಮ್‌ನಲ್ಲಿ ಒಂದು ತಂಡಕ್ಕೆ ಸಿಗಬೇಕಾದ ಎರಡು ಫ್ರೀ ಥ್ರೋ ತಪ್ಪಿಹೋಗುತ್ತಿತ್ತು.

ಇನ್ನೊಂದು ಇದಕ್ಕಿಂತ ಮುಖ್ಯ. ಶಾಟ್ ಹೊಡೆಯುವಾಗ ಫೌಲ್ ಆಗಿ ಬಾಲ್ ಒಳಗೆ ಬೀಳದಿದ್ದರೆ ಅದನ್ನು ಶಾಟ್ ಪ್ರಯತ್ನ ಅಂತ ಎಣಿಸುವುದಿಲ್ಲ. ಬಿದ್ದರೆ ಮಾತ್ರ ಎಣಿಸುತ್ತಾರೆ. ಎಐ ಅದನ್ನು ಮಿಸ್ ಅಂತ ಲೆಕ್ಕ ಹಾಕಿತು. ಹಾಗಾದರೆ ಧೈರ್ಯದಿಂದ ಒಳಗೆ ನುಗ್ಗಿ ಪೆಟ್ಟು ತಿನ್ನುವ ಹುಡುಗಿಯ ಶೇಕಡಾ, ಅಂದರೆ ನೂರು ಶಾಟ್‌ಗೆ ಎಷ್ಟು ಬಿದ್ದವು ಅನ್ನುವ ಲೆಕ್ಕ, ಇಳಿಯುತ್ತದೆ, ದೂರ ನಿಂತು ಎಸೆಯುವವಳದ್ದು ಉಳಿಯುತ್ತದೆ. ಕೋಚ್ ಆ ಅಂಕಿ ನೋಡಿ ಯಾರನ್ನು ಆಡಿಸಬೇಕು ಅಂತ ತೀರ್ಮಾನಿಸುವವರು. ತಪ್ಪು ಅಂಕಿ ಕೊಡುವುದಕ್ಕಿಂತ ಆ್ಯಪ್ ಇಲ್ಲದಿರುವುದೇ ವಾಸಿ.

ಹಾಗಾಗಿ ಕೆಲಸದ ಕ್ರಮವನ್ನೇ ತಿರುಗಿಸಿದೆ. ಮೊದಲು ನಿಯಮ ಪುಸ್ತಕ ಇಟ್ಟುಕೊಂಡು ಒಂದೊಂದು ಸಂದರ್ಭಕ್ಕೂ ಟೆಸ್ಟ್, ಅಂದರೆ ಕೋಡ್ ಸರಿಯಾದ ಉತ್ತರ ಕೊಡುತ್ತದಾ ಅಂತ ಪರೀಕ್ಷಿಸುವ ಪುಟ್ಟ ಕೋಡ್, ನಾನೇ ಬರೆದೆ. "ನಾಲ್ಕನೇ ಕ್ವಾರ್ಟರ್‌ನಲ್ಲಿ ನಾಲ್ಕು ಟೀಮ್ ಫೌಲ್. ಓವರ್‌ಟೈಮ್‌ನಲ್ಲಿ ಡಿಫೆನ್ಸ್ ಮಾಡುವಾಗ ಇನ್ನೊಂದು. ಎದುರಾಳಿಗೆ ಎರಡು ಫ್ರೀ ಥ್ರೋ." ಈ ಥರ. ಆಮೇಲೆ ಇವೆಲ್ಲ ಪಾಸ್ ಆಗುವ ಕೋಡ್ ಬರೆ ಅಂತ ಎಐಗೆ ಹೇಳಿದೆ. ಆಗ ಅದು ತುಂಬ ಒಳ್ಳೆಯ ಜೊತೆಗಾರ. ಬೇಜಾರಿಲ್ಲದೆ ಬರೆಯುತ್ತದೆ, ತಿದ್ದುತ್ತದೆ. ಟೆಸ್ಟ್ ಫೈಲ್ ಮುಟ್ಟಬೇಡ ಅಂತ ಮಾತ್ರ ಖಡಾಖಂಡಿತವಾಗಿ ಹೇಳಿರಬೇಕು. ಇಲ್ಲದಿದ್ದರೆ ಕೋಡ್ ಬಿಟ್ಟು ಟೆಸ್ಟನ್ನೇ ಬದಲಿಸಿಬಿಡುವುದುಂಟು.

ಡೇಟಾ ಇಡುವ ರೀತಿಯೂ ನನ್ನದೇ ತೀರ್ಮಾನ. ಸ್ಕೋರನ್ನು ಎಲ್ಲೂ ಬರೆದಿಡುವುದಿಲ್ಲ. ನಡೆದದ್ದನ್ನು ಮಾತ್ರ ಸಾಲಾಗಿ ಬರೆಯುತ್ತೇವೆ: ಯಾರು, ಏನು, ಯಾವಾಗ. ಸ್ಕೋರ್, ಫೌಲ್, ಶೇಕಡಾ ಎಲ್ಲವೂ ಆ ಸಾಲಿನಿಂದಲೇ ಲೆಕ್ಕವಾಗುತ್ತವೆ. ಬಟನ್ ತಪ್ಪಾಗಿ ಒತ್ತಿದರೆ ಅಳಿಸುವುದಿಲ್ಲ, "ಅದು ರದ್ದು" ಅಂತ ಇನ್ನೊಂದು ಸಾಲು ಸೇರುತ್ತದೆ. ಎರಡೂ ತಂಡದವರು ಜಗಳವಾಡಿದಾಗ ತೋರಿಸಲು ಪೂರ್ತಿ ಇತಿಹಾಸ ಇರುತ್ತದೆ. ಕೋರ್ಟ್‌ನಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗದ ಕಾರಣ ಎಲ್ಲವೂ ಫೋನಿನೊಳಗೇ ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್‌ನಲ್ಲಿ ಉಳಿಯುತ್ತದೆ.

ಆಮೇಲೆ 3x3, ಅಂದರೆ ಮೂವರು ಮೂವರ ಆಟ, ಸೇರಿಸಿದೆ. ಟೋಕಿಯೋ ಒಲಿಂಪಿಕ್ಸ್‌ಗೆ ಬಂದ ಮೇಲೆ ಹುಡುಗರಿಗೆ ಇದರ ಹುಚ್ಚು ಜಾಸ್ತಿ. ಅರ್ಧ ಕೋರ್ಟ್, 10 ನಿಮಿಷ ಅಥವಾ ಮೊದಲು 21 ಪಾಯಿಂಟ್, ಶಾಟ್ ಕ್ಲಾಕ್ (ಬಾಲ್ ಸಿಕ್ಕ ಮೇಲೆ ಶಾಟ್ ಹೊಡೆಯಲು ಇರುವ ಸಮಯ) 12 ಸೆಕೆಂಡ್. ಇಲ್ಲಿ ರಿಂಗ್ ಸುತ್ತ ಎಳೆದ ಗೆರೆಯ ಒಳಗಿನಿಂದ ಹಾಕಿದರೆ 1, ಹೊರಗಿನಿಂದ 2; ಐವರ ಆಟದಲ್ಲಿ ಅವೇ 2 ಮತ್ತು 3. ಇದರಿಂದ ಆಟದ ಲೆಕ್ಕವೇ ಬದಲಾಗುತ್ತದೆ. ಐವರ ಆಟದಲ್ಲಿ ಒಳಗಿನಿಂದ ನೂರಕ್ಕೆ 50 ಹಾಕುವವನಿಗೆ ಹೊರಗಿನ ಶಾಟ್ ಲಾಭವಾಗಬೇಕಾದರೆ ನೂರಕ್ಕೆ 34 ಬೀಳಬೇಕು. 3x3ಯಲ್ಲಿ 26 ಸಾಕು. ಗೆರೆ ಎರಡರಲ್ಲೂ ಅದೇ 6.75 ಮೀಟರ್. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ತೋರಿಸುವ ಒಂದು ಪುಟ ಮಾಡಿದೆ. ದೊಡ್ಡ ಹುಡುಗರು ಜಾಸ್ತಿ ನೋಡುವುದು ಅದನ್ನೇ.

ಅಪ್ಪ ಅಮ್ಮಂದಿರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕನ್ನಡದಲ್ಲಿ ಪಂದ್ಯದ ವರದಿ ಕಳಿಸೋಣ ಅಂತ ಅದನ್ನೂ ಎಐ ಕೈಲಿ ಬರೆಸಿ ನೋಡಿದೆ. ಇಪ್ಪತ್ತು ಪಾಯಿಂಟ್ ಅಂತರದ ಪಂದ್ಯಕ್ಕೂ "ಕೊನೆಯ ಕ್ಷಣದವರೆಗೂ ರೋಚಕ" ಅಂತ ಬರೆಯಿತು. ಮಕ್ಕಳ ಹೆಸರಿನ ಮುಂದೆ ನಡೆಯದ ಸಂಗತಿ ಬರಬಾರದು. ಆದ್ದರಿಂದ ಈಗ ವಾಕ್ಯಗಳನ್ನು ನಾನೇ ಬರೆದಿಟ್ಟಿದ್ದೇನೆ, ಅಂಕಿಗಳನ್ನು ಕೋಡ್ ತುಂಬುತ್ತದೆ. ಓದಲು ಸ್ವಲ್ಪ ಸಪ್ಪೆ, ಆದರೆ ಪ್ರತಿ ಮಾತೂ ನಿಜ.

ಏನನ್ನು ಎಣಿಸಬೇಕು ಅನ್ನುವ ಪ್ರಶ್ನೆ ನನಗೆ ತುಂಬ ಇಷ್ಟ. 1950ರಲ್ಲಿ ಎನ್‌ಬಿಎಯ ಒಂದು ಪಂದ್ಯ 19-18ಕ್ಕೆ ಮುಗಿದಿತ್ತು. ಮುಂದಿದ್ದ ತಂಡ ಬಾಲ್ ಹಿಡಿದುಕೊಂಡು ನಿಂತುಬಿಡುತ್ತಿದ್ದ ಕಾಲ ಅದು. ಆಗ ಸಿರಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಯಾಸೋನ್ ಒಳ್ಳೆಯ ಪಂದ್ಯಗಳಲ್ಲಿ ಎಷ್ಟು ಶಾಟ್ ಇರುತ್ತವೆ ಅಂತ ನೋಡಿದರು. ತಂಡಕ್ಕೆ ಸುಮಾರು 60, ಎರಡೂ ಸೇರಿ 120. ಪಂದ್ಯದ 2880 ಸೆಕೆಂಡನ್ನು ಅದರಿಂದ ಭಾಗಿಸಿದರೆ 24. 1954ರಲ್ಲಿ 24 ಸೆಕೆಂಡಿನ ಶಾಟ್ ಕ್ಲಾಕ್ ಬಂದದ್ದು ಹೀಗೆ. ಅವರು ಎಣಿಸಿದ್ದು ಬಿದ್ದ ಶಾಟ್‌ಗಳನ್ನಲ್ಲ, ಹೊಡೆದ ಶಾಟ್‌ಗಳನ್ನು.

ನಮ್ಮ ಕೋಚ್ ಕೇಳಿದ್ದೂ ಅದನ್ನೇ. ಹೊಸ ಬಟನ್ ಏನು ಬೇಕು ಅಂದಾಗ ಅವರು, "ಎಡಗೈ ಲೇಅಪ್. ಹಾಕಿದ್ರಾ ಅಂತ ಬೇಡ, ಪ್ರಯತ್ನ ಪಟ್ರಾ ಅಂತ ಸಾಕು" ಅಂದರು. ಲೇಅಪ್ ಅಂದರೆ ಓಡಿಬಂದು ರಿಂಗ್ ಹತ್ತಿರದಿಂದ ಒಂದು ಕೈಯಲ್ಲಿ ಹಾಕುವ ಶಾಟ್. ಏನೇನು ಎಣಿಸಬಹುದು ಅಂತ ಎಐ ಕೊಟ್ಟಿದ್ದ ಉದ್ದದ ಪಟ್ಟಿಯಲ್ಲಿ ಇದು ಇರಲಿಲ್ಲ. ಬಲಗೈ ಮಕ್ಕಳು ಎಡಗಡೆಯಿಂದ ನುಗ್ಗಿದರೂ ಬಲಗೈಯಲ್ಲೇ ಎಸೆಯುತ್ತಾರೆ, ಮಿಸ್ ಆಗುವ ಹೆದರಿಕೆಗೆ. ಈಗ ಚಿಕ್ಕ ಮಕ್ಕಳ ಪುಟದಲ್ಲಿ ಶೇಕಡಾ ಕಾಲಂ ತೆಗೆದುಬಿಟ್ಟಿದ್ದೇವೆ. ಅದರ ಜಾಗದಲ್ಲಿ ಎಡಗೈ ಪ್ರಯತ್ನಗಳ ಎಣಿಕೆ ಇದೆ. ಯಾರದ್ದು ಜಾಸ್ತಿಯೋ ಅವರ ಹೆಸರು ಮೇಲೆ.