ಶಾಲೆಯಲ್ಲೊಂದು ಪತ್ರಿಕೆ, ಅದರಲ್ಲೊಂದು ಫ್ರೆಂಚ್ ಸಂದರ್ಶನ

ನವೆಂಬರ್‌ನಿಂದ ಫೆಬ್ರವರಿವರೆಗೆ ಬೇಲೂರಿನ ಚೆನ್ನಕೇಶವ ದೇವಸ್ಥಾನದ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಫ್ರೆಂಚೋ ಜರ್ಮನ್ನೋ ಕಿವಿಗೆ ಬೀಳುತ್ತದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿ ಸೇರಿದವು. ಹಾಸನ, ಚಿಕ್ಕಮಗಳೂರಿನ ಹೈಸ್ಕೂಲ್ ಮಕ್ಕಳಿಗೆ ಇದೊಂದು ದೊಡ್ಡ ಅನುಕೂಲ. ಬೇರೆ ಭಾಷೆಯವರು ಊರಿಗೇ ಬರುತ್ತಾರೆ. ಆದರೆ ಪ್ರವಾಸಕ್ಕೆ ಬಂದ ಮಕ್ಕಳು ‘ವಾಟ್ ಈಸ್ ಯುವರ್ ನೇಮ್’ ಅಂತ ಕೇಳಿ, ಒಂದು ಸೆಲ್ಫಿ ತೆಗೆದುಕೊಂಡು ಓಡುತ್ತಾರೆ. ಎರಡನೇ ಪ್ರಶ್ನೆ ಕೇಳಲು ಅವರಿಗೆ ಕಾರಣ ಇಲ್ಲ. ಶಾಲೆಗೆ ಒಂದು ಪತ್ರಿಕೆ ಇದ್ದರೆ ಆ ಕಾರಣ ಸಿಗುತ್ತದೆ. ಅದನ್ನು ಶುರು ಮಾಡುವ ದಾರಿ ಇಲ್ಲಿದೆ.

ಯಾರು, ಯಾವಾಗ

ಒಂಬತ್ತನೇ ತರಗತಿಯವರನ್ನು ಮುಂದೆ ಬಿಡಿ. ಹತ್ತನೆಯವರಿಗೆ ಎಸ್ಸೆಸ್ಸೆಲ್ಸಿ ತಯಾರಿ ಇರುತ್ತದೆ. ಎಂಟನೆಯವರು ಜೊತೆಗಿದ್ದು ಕಲಿಯಲಿ. ಆರೇಳು ಜನ ಸಾಕು. ಬರವಣಿಗೆ ಮುದ್ದಾಗಿರುವವರನ್ನೇ ಆರಿಸಬೇಡಿ. ‘ಮಾತು ಜಾಸ್ತಿ’ ಅಂತ ತರಗತಿಯಲ್ಲಿ ಬೈಸಿಕೊಳ್ಳುವ ಹುಡುಗನಿಗೆ ಊರಿನ ಅರ್ಧ ಜನ ಪರಿಚಯ ಇರುತ್ತಾರೆ. ಅವನು ಬೇಕೇ ಬೇಕು.

ಮೊದಲ ಸಂಚಿಕೆಗೆ ಜುಲೈ 1 ಒಳ್ಳೆಯ ದಿನ. 1843ರಲ್ಲಿ ಅದೇ ದಿನ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂತು. ಅದನ್ನು ತಂದ ಹರ್ಮನ್ ಮೋಗ್ಲಿಂಗ್ ಜರ್ಮನಿಯಿಂದ ಬಂದು ಕನ್ನಡ ಕಲಿತವರು, ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದವರು. ಇದನ್ನು ಮಕ್ಕಳಿಗೆ ಹೇಳಿ. ನಮ್ಮ ಪತ್ರಿಕೆಗಳ ಕಥೆ ಶುರುವಾಗುವುದೇ ಪರಭಾಷೆ ಕಲಿತ ಒಬ್ಬರಿಂದ. ನಿಮ್ಮ ಮೊದಲ ಸಂಚಿಕೆ ಡ್ರಾಯಿಂಗ್ ಶೀಟಿನ ಮೇಲೆ ಬರೆದ ಗೋಡೆ ಪತ್ರಿಕೆಯಾದರೂ ಸಾಕು.

ಮೊದಲ ಪಾಠ: ಮಳೆ ರಜೆ

ಜುಲೈನಲ್ಲಿ ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರದ ಮಕ್ಕಳಿಗೆ ಇದಕ್ಕಿಂತ ದೊಡ್ಡ ಸುದ್ದಿ ಇಲ್ಲ, ಅಲ್ವಾ? ರಾತ್ರಿ ವಾಟ್ಸಾಪ್‌ಗೆ ಜಿಲ್ಲಾಧಿಕಾರಿ ಆದೇಶ ಅಂತ ಒಂದು ಫೋಟೊ ಬರುತ್ತದೆ. ಅದು ಹೋದ ವರ್ಷದ್ದಿರಬಹುದು, ಪಕ್ಕದ ಜಿಲ್ಲೆಯದ್ದಿರಬಹುದು, ಯಾರೋ ದಿನಾಂಕ ತಿದ್ದಿರಬಹುದು. ಪತ್ರಿಕೋದ್ಯಮ ಕಲಿಸಲು ಇದೇ ಸಾಕು. ಮಕ್ಕಳ ಕೈಗೆ ಅಂಥ ಒಂದು ಫೋಟೊ ಕೊಟ್ಟು ಕೇಳಿ. ದಿನಾಂಕ ಯಾವುದು? ಆ ದಿನಾಂಕಕ್ಕೆ ಅಲ್ಲಿ ಬರೆದಿರುವ ವಾರ ಹೊಂದುತ್ತದಾ? ಯಾವ ತಾಲ್ಲೂಕು? ಅಂಗನವಾಡಿ, ಪ್ರಾಥಮಿಕ ಶಾಲೆಗೆ ಮಾತ್ರವೋ, ಪ್ರೌಢಶಾಲೆಗೂ ಸೇರಿಯೋ? ಆಮೇಲೆ ಜಿಲ್ಲಾಡಳಿತದ ಅಧಿಕೃತ ಪುಟ ನೋಡಲಿ, ಮುಖ್ಯ ಶಿಕ್ಷಕರನ್ನೂ ಕೇಳಲಿ. ಎರಡು ಕಡೆ ಖಚಿತ ಆಗುವವರೆಗೆ ಬರೆಯುವಂತಿಲ್ಲ.

ಬರೆಯುವಾಗ ಮೊದಲ ಎರಡು ಸಾಲಿನಲ್ಲೇ ಏನು, ಎಲ್ಲಿ, ಯಾವಾಗ ಬಂದುಬಿಡಬೇಕು. ಯಾಕೆ, ಹೇಗೆ ಅದರ ಹಿಂದೆ ಬರಲಿ. ಮಕ್ಕಳು ಮೊದಲ ಸಲ ಬರೆಯುವುದು ಹೀಗೆ: ‘ಮಲೆನಾಡಿನಲ್ಲಿ ವರುಣನ ಆರ್ಭಟ ಮುಂದುವರಿದಿದ್ದು ಜನಜೀವನ ಅಸ್ತವ್ಯಸ್ತಗೊಂಡಿದೆ.’ ಇದು ಯಾವ ಊರಿಗೂ, ಯಾವ ವರ್ಷಕ್ಕೂ ಸಲ್ಲುತ್ತದೆ. ಹೊಡೆದು ಹಾಕಿಸಿ, ನೋಡಿದ್ದನ್ನು ಬರೆಯಲು ಹೇಳಿ. ಆಗ ಹೀಗಾಗುತ್ತದೆ: ‘ಬುಧವಾರ ನಮ್ಮ ಶಾಲೆಗೆ ರಜೆ ಇರಲಿಲ್ಲ. ಆದರೂ ಹಳ್ಳದ ಆಚೆಯ ಮಕ್ಕಳಿಗೆ ಬರಲು ಆಗಲಿಲ್ಲ. ಕಾಲುಸಂಕದ ಮೇಲೆ ನೀರು ಹರಿಯುತ್ತಿತ್ತು.’ ಇದು ಸುದ್ದಿ. ಪಂಚಾಯ್ತಿಯವರು ಓದಬೇಕಾದ ಸುದ್ದಿ.

ಆನೆ ಓಡಾಡುವ ಆಲೂರು, ಸಕಲೇಶಪುರದ ಕಡೆ ಮಕ್ಕಳು ಬಸ್ ಸ್ಟಾಪಿಗೆ ಹೇಗೆ ಬರುತ್ತಾರೆ ಅನ್ನುವುದೂ ಒಳ್ಳೆಯ ವರದಿ. ಆನೆ ನೋಡಲು ಮಾತ್ರ ಯಾರೂ ಹೋಗಬಾರದು. ಶಾಲೆಯಲ್ಲೇ ಕೂತು ಸಹಪಾಠಿಗಳನ್ನು ಕೇಳಿ ಬರೆಯಲಿ.

ಭಾಷೆಗೆ ಶನಿವಾರ

ನಮ್ಮ ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಾಮಾನ್ಯವಾಗಿ ಇರುವುದು ಕನ್ನಡ, ಇಂಗ್ಲಿಷ್, ಹಿಂದಿ. ಫ್ರೆಂಚ್, ಜರ್ಮನ್ ಕಲಿಸುವವರು ಇಲ್ಲಿ ಸಿಗುವುದು ಕಷ್ಟ. ಶನಿವಾರದ ತರಗತಿ ಮುಗಿದ ಮೇಲೆ ಒಂದು ಗಂಟೆ ಇಟ್ಟುಕೊಳ್ಳಿ. ಜರ್ಮನ್‌ಗೆ ಡಾಯ್ಚೆ ವೆಲ್ಲೆ, ಫ್ರೆಂಚ್‌ಗೆ ಟಿವಿ5ಮೋಂದ್, ಜಪಾನಿಗೆ ಎನ್‌ಎಚ್‌ಕೆ ವರ್ಲ್ಡ್ ಹೀಗೆ ಆಯಾ ದೇಶ, ಭಾಷೆಯ ಪ್ರಸಾರ ಸಂಸ್ಥೆಗಳು ತಮ್ಮ ವೆಬ್‌ಸೈಟಿನಲ್ಲಿ ಉಚಿತ ಪಾಠ ಕೊಡುತ್ತವೆ. ಜಪಾನಿಯಲ್ಲಿ ಕನ್ನಡದ ಹಾಗೆಯೇ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಹಾಗಾಗಿ ವಾಕ್ಯ ಕಟ್ಟುವುದು ನಮ್ಮ ಮಕ್ಕಳಿಗೆ ಅಷ್ಟೊಂದು ಕಷ್ಟ ಅನ್ನಿಸುವುದಿಲ್ಲ. ಆದರೆ ವರ್ಷಕ್ಕೆ ಒಂದೇ ಭಾಷೆ ಹಿಡಿಯಿರಿ. ಪಾಠವನ್ನು ಸ್ಪೀಕರಿನಲ್ಲಿ ಹಾಕಿ, ಎಲ್ಲರೂ ಗಟ್ಟಿಯಾಗಿ ಹೇಳಲಿ.

ಫ್ರೆಂಚ್ ಅಂದುಕೊಳ್ಳೋಣ. ಮೊದಲ ಸಂದರ್ಶನಕ್ಕೆ ನಾಲ್ಕು ಮಾತು ಬಾಯಿಗೆ ಬಂದರೆ ಸಾಕು. ‘ಬೋಂಝೂರ್’ ಅಂದರೆ ನಮಸ್ಕಾರ. ‘ವು ವನೆ ದೂ?’ ಅಂದರೆ ನೀವು ಎಲ್ಲಿಂದ ಬಂದಿರಿ. ‘ಪ್ಲು ಲಾಂತ್‌ಮಾಂ, ಸಿಲ್ ವು ಪ್ಲೆ’ ಅಂದರೆ ದಯವಿಟ್ಟು ಸ್ವಲ್ಪ ನಿಧಾನವಾಗಿ. ‘ಮೆರ್ಸಿ’ ಅಂದರೆ ಥ್ಯಾಂಕ್ಸ್. ಉಚ್ಚಾರಣೆಯನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಬಾರದು ಅನ್ನುವ ಶಿಕ್ಷಕರಿದ್ದಾರೆ. ಮೊದಲ ತಿಂಗಳು ಬರೆದುಕೊಳ್ಳಲಿ ಅಂತ ನಾನು ಹೇಳುತ್ತೇನೆ. ಫ್ರೆಂಚ್‌ನಲ್ಲಿ ಬರೆಯುವುದಕ್ಕೂ ಓದುವುದಕ್ಕೂ ತುಂಬ ದೂರ. ಮೊದಲೇ ಅದಕ್ಕೆ ಹೆದರಿದ ಮಗು ಬಾಯಿ ಬಿಡುವುದೇ ಇಲ್ಲ.

ಸಂದರ್ಶನದ ದಿನ

ಶಿಕ್ಷಕರು ಜೊತೆಯಲ್ಲೇ ಇರಬೇಕು. ಪೂಜೆ ನಡೆಯುವಾಗ, ಗೈಡ್ ವಿವರಿಸುವಾಗ ಮಧ್ಯೆ ಹೋಗಬೇಡಿ. ಪ್ರವಾಸಿಗರು ನೋಡಿ ಮುಗಿಸಿ ನೆರಳಲ್ಲಿ ಕೂತಾಗ ಹೋಗಿ, ಹಿಂದಿನ ಸಂಚಿಕೆ ತೋರಿಸಿ. ಅದನ್ನು ನೋಡಿದ ಮೇಲೆ ಇಲ್ಲ ಅನ್ನುವವರು ಕಡಿಮೆ. ಅವರು ಫ್ರೆಂಚ್ ಮಾತಾಡುವವರಾದರೆ ಶುರು ಅವರ ಭಾಷೆಯಲ್ಲಿ ಆಗಲಿ. ಮುಂದಿನದು ಇಂಗ್ಲಿಷಿಗೆ ತಿರುಗಿದರೂ ತೊಂದರೆ ಇಲ್ಲ.

ಪ್ರಶ್ನೆಗಳನ್ನು ಹಿಂದಿನ ಶನಿವಾರವೇ ಬರೆದು ತಿದ್ದಿಸಿ. ‘ಇಂಡಿಯಾ ಇಷ್ಟ ಆಯ್ತಾ?’ ಅಂತ ಕೇಳಿದರೆ ‘ತುಂಬಾ’ ಅನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯಿತು. ‘ಯಾವ ಶಿಲ್ಪದ ಮುಂದೆ ಜಾಸ್ತಿ ಹೊತ್ತು ನಿಂತಿರಿ? ಯಾಕೆ?’ ಅಂತ ಕೇಳಬೇಕು. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಒಬ್ಬ ಪ್ರವಾಸಿಗರನ್ನು ಇದನ್ನೇ ಕೇಳಿದಳು. ಆ ಮನುಷ್ಯ ತಮ್ಮ ಊರಿನಲ್ಲಿ ಮರಗೆಲಸದವರಂತೆ. ಅವಳನ್ನೂ ಶಿಕ್ಷಕಿಯನ್ನೂ ಮತ್ತೆ ಒಳಗೆ ಕರೆದುಕೊಂಡು ಹೋಗಿ, ಕಡೆದು ನುಣುಪು ಮಾಡಿದ ಕಂಬದ ಉಂಗುರಗಳನ್ನು ತೋರಿಸಿ, ತಿರುಗಿಸುವ ಯಂತ್ರ ಹೇಗಿದ್ದೀತು ಅಂತ ಹೇಳುತ್ತಾ ಹೋದರು. ಅವಳಿಗೆ ಅರ್ಧ ಅರ್ಥವಾಗಲಿಲ್ಲ. ಸುಮ್ನೆ ತಲೆ ಆಡಿಸದೆ ನೋಟ್‌ಬುಕ್, ಪೆನ್ಸಿಲ್ ಮುಂದೆ ಹಿಡಿದಳು. ಅವರು ಚಿತ್ರ ಬರೆದು ತೋರಿಸಿದರು. ಸಂಚಿಕೆಯಲ್ಲಿ ಆ ಚಿತ್ರವೇ ಅಚ್ಚಾಯಿತು. ಬಳಪದ ಕಲ್ಲು ಮೊದಲಿಗೆ ಮೆತ್ತಗಿರುವುದರಿಂದ ಇಷ್ಟು ಸೂಕ್ಷ್ಮ ಕೆಲಸ ಆಗುತ್ತದೆ ಅನ್ನುವುದನ್ನು ಅವಳು ಊರಿಗೆ ಬಂದು ಓದಿ ಸೇರಿಸಿದಳು.

ಹೆಸರನ್ನು ಅವರ ಕೈಯಲ್ಲೇ ಬರೆಸಿಕೊಳ್ಳಿ. ಫೋಟೊಗೆ ಒಪ್ಪಿಗೆ ಕೇಳಿ. ಮಕ್ಕಳು ತಮ್ಮ ಫೋನ್ ನಂಬರ್, ಇನ್‌ಸ್ಟಾಗ್ರಾಂ ಯಾರಿಗೂ ಕೊಡಬಾರದು. ಶಾಲೆಯ ಇಮೇಲ್ ಮಾತ್ರ.

ಪುಟ ಕಟ್ಟುವುದು

ಎ3 ಹಾಳೆಯ ಎರಡೂ ಬದಿಗೆ ಜೆರಾಕ್ಸ್ ಮಾಡಿಸಿ ಮಧ್ಯಕ್ಕೆ ಮಡಚಿದರೆ ನಾಲ್ಕು ಪುಟ. ಹೊರಬದಿಯಲ್ಲಿ ಎಡಕ್ಕೆ 4, ಬಲಕ್ಕೆ 1. ಒಳಬದಿಯಲ್ಲಿ 2 ಮತ್ತು 3. ಟೈಪ್ ಮಾಡಲು ನುಡಿ ತಂತ್ರಾಂಶ ಉಚಿತ. ಸಂದರ್ಶನದ ನಾಲ್ಕೈದು ಸಾಲು ಫ್ರೆಂಚ್‌ನಲ್ಲೇ ಇರಲಿ, ಪಕ್ಕದಲ್ಲಿ ಕನ್ನಡ ಇರಲಿ. ಅಚ್ಚಿಗೆ ಕೊಡುವ ಮೊದಲು ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಹೆಸರು, ಊರು, ಇಸವಿ ಮಾತ್ರ ನೋಡುತ್ತಾ ಹೋಗಲಿ. ತಪ್ಪು ಉಳಿದರೆ ಮುಂದಿನ ಸಂಚಿಕೆಯ ಮೊದಲ ಪುಟದಲ್ಲೇ ತಿದ್ದುಪಡಿ ಹಾಕಿ.

ಸಂದರ್ಶನ ಕೊಟ್ಟವರಿಗೆ ಪುಟದ ಫೋಟೊವನ್ನು ಶಾಲೆಯ ಇಮೇಲಿನಿಂದ ಕಳಿಸಿ, ಎರಡು ಸಾಲು ಅವರ ಭಾಷೆಯಲ್ಲೇ ಬರೆಯಿರಿ. ಉತ್ತರ ಬಂದರೆ ಅದು ಮುಂದಿನ ಶನಿವಾರದ ಪಾಠ. ಓದಿ ಅರ್ಥ ಮಾಡಿಕೊಂಡ ಮೇಲೆ, ಅವರು ಒಪ್ಪಿದರೆ, ಓದುಗರ ಪತ್ರಗಳ ಜೊತೆ ಹಾಕಿ.