ಸಭೆಯ ಕಾರ್ಯದರ್ಶಿಯಾಗಿ ನನ್ನ ಅನುಭವ

ಮಂಗಳೂರು ಕಡೆಯ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗೆ, ಅಂದರೆ ಒಂದು ಚರ್ಚಿನ ಸದಸ್ಯರ ಕೂಟಕ್ಕೆ, ನಾನು ಕಾರ್ಯದರ್ಶಿಯಾಗಿ ಆಯ್ಕೆಯಾಗಿದ್ದೆ. ಸಭಾಪಾಲಕರನ್ನು, ಅಂದರೆ ನಾವು ಅಯ್ಯನವರು ಅನ್ನುವ ಪಾದ್ರಿಯವರನ್ನು, ಬಿಷಪರು ನೇಮಿಸುತ್ತಾರೆ, ಕೆಲವು ವರ್ಷಕ್ಕೆ ಅವರಿಗೆ ವರ್ಗವಾಗುತ್ತದೆ. ಸಮಿತಿಯವರಾದ ನಮ್ಮನ್ನು ಆರಿಸುವವರು ಸಭಿಕರು. ಸಮಿತಿಗೆ ಅಯ್ಯನವರೇ ಅಧ್ಯಕ್ಷರು, ನಿಜ. ಆದರೆ ಯಾವ ಮನೆಯಲ್ಲಿ ಏನು ಕಷ್ಟ ಅಂತ ಅವರಿಗೆ ತಿಳಿಸಬೇಕಾದವರು ನಾವೇ ಅಲ್ವಾ?

1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಬೇರೆ ಬೇರೆ ಪ್ರೊಟೆಸ್ಟೆಂಟ್ ಸಭೆಗಳು ಕೂಡಿ ಸಿಎಸ್‌ಐ ಆದಾಗ ಬಿಷಪರೂ ಉಳಿದರು, ಓಟೂ ಉಳಿಯಿತು. ಎಲ್ಲರಿಗಿಂತ ಮೇಲಿನ ಮಾಡರೇಟರ್ ಕೂಡ ಬಿಷಪರ ಪೈಕಿ ಸಿನೊಡ್ ಎಂಬ ಮಹಾಸಭೆ ಆರಿಸಿದವರೇ. ಅದಕ್ಕೇ ನನಗೆ ಮತದಾರರ ಪಟ್ಟಿ ಅಂದರೆ ಸುಮ್ನೆ ಕಾಗದ ಅನ್ನಿಸುವುದಿಲ್ಲ.

ನಮ್ಮಲ್ಲಿ ಓಟು ಹಾಕಲು ದೃಢೀಕರಣ (ತಮ್ಮ ನಂಬಿಕೆಯನ್ನು ಸಭೆಯ ಮುಂದೆ ತಾವೇ ಒಪ್ಪಿಕೊಳ್ಳುವ ವಿಧಿ) ಆಗಿರಬೇಕು, ಪ್ರಭುಭೋಜನಕ್ಕೆ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿಗೆ) ಬರುವವರಾಗಿರಬೇಕು, ಚಂದಾ ಬಾಕಿ ಇರಬಾರದು. ಬಾಕಿ ಯಾರದ್ದು ಉಳಿಯುತ್ತದೆ? ಬೀಡಿ ಕಟ್ಟುವವರದ್ದು, ಹೆಂಚಿನ ಕಾರ್ಖಾನೆ ಮುಚ್ಚಿದ ಮೇಲೆ ಕೈ ಖಾಲಿಯಾದವರದ್ದು. ಹೆಸರು ಬಿಟ್ಟುಹೋದರೂ ಅವರು ಬಂದು ಕೇಳುವುದಿಲ್ಲ, ಸಂಕೋಚ. ಹಾಗಾಗಿ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕುವ ಮೊದಲೇ ರಸೀದಿ ಪುಸ್ತಕ ಹಿಡಿದು ಮನೆ ಮನೆಗೆ ಹೋದೆ. ಒಬ್ಬ ಅಜ್ಜಿ ಟ್ರಂಕಿನಿಂದ ಹಳೇ ರಸೀದಿಗಳ ಕಟ್ಟು ತೆಗೆದು ನನ್ನ ಮುಂದಿಟ್ಟರು. ಎಲ್ಲವೂ ಗಂಡನ ಹೆಸರಲ್ಲಿ. “ಕಟ್ಟಿದ್ದು ನಾನೇ ಮಗಾ. ಅವರು ತೀರಿಹೋದ ಮೇಲೆ ನನ್ನ ಹೆಸರು ಎಲ್ಲಿ ಹೋಯಿತು?” ಕುಟುಂಬದ ರಿಜಿಸ್ಟರ್ ತೆಗೆದು ನೋಡಿದರೆ ಅವರು ಹೇಳಿದ್ದು ಸರಿ. ಅದೇ ವಾರ ಸಮಿತಿಯಲ್ಲಿಟ್ಟು ಅವರ ಹೆಸರು ಸೇರಿಸಿದೆವು. ಇಂಥ ವಿಧವೆಯರು ಇನ್ನೂ ಇದ್ದರು. ಯಾವ ಭಾಷಣಕ್ಕಿಂತ ಈ ಕೆಲಸ ದೊಡ್ಡದು ಅಂತ ನನಗನ್ನಿಸುತ್ತದೆ.

ಇನ್ನು ಲೆಕ್ಕ. ಆರಾಧನೆ ಮುಗಿದ ಕೂಡಲೇ ಇಬ್ಬರು ಕೂತು ಕಾಣಿಕೆ ಎಣಿಸಿ ಸಹಿ ಹಾಕುತ್ತಿದ್ದರು, ಒಬ್ಬರೇ ಎಣಿಸುವ ಹಾಗಿಲ್ಲ. ಬೆಳೆ ಹಬ್ಬದ ಏಲಂನಲ್ಲಿ ಕುಂಬಳಕಾಯಿ, ತೆಂಗಿನಕಾಯಿ, ಕೋಳಿಗೆ ಜೋರಾಗಿ ಕೂಗುತ್ತಾರೆ, ದುಡ್ಡು ಮಾತ್ರ ನಿಧಾನಕ್ಕೆ ಬರುತ್ತದೆ. ಕೂಗಿದಲ್ಲೇ ಬರೆದುಕೊಂಡು ರಸೀದಿ ಕೊಡುವ ಕ್ರಮ ಮಾಡಿದೆವು. ಒಟ್ಟು ಮೊತ್ತವನ್ನು ಮುಂದಿನ ಭಾನುವಾರ ಸಭೆಯ ಮುಂದೆ ಓದಿದೆ, ಯಾರು ಎಷ್ಟು ಕೊಟ್ಟರು ಅಂತ ಓದಲಿಲ್ಲ. ಜಾಸ್ತಿ ಕೊಟ್ಟ ಕೆಲವರಿಗೆ ಬೇಸರವಾಯಿತು. ಅವರ ಮನೆಗೂ ಹೋಗಿ ಮಾತಾಡಿದೆ, ಕ್ರಮ ಮಾತ್ರ ಬದಲಿಸಲಿಲ್ಲ.