ತೊಟ್ಟಿಕ್ಕುವುದು ಒಂದು ಕಡೆ, ಸೋರುವುದು ಇನ್ನೊಂದು ಕಡೆ

ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಸಂಜೆ ನಮ್ಮ ಕೊಡಗಿನ ಕಡೆ ಎಲ್ಲರಿಗೂ ಮಳೆ ಎಷ್ಟು ಇಂಚು, ಎಷ್ಟು ಸೆಂಟು (ಇಂಚಿನ ನೂರರಲ್ಲೊಂದು ಪಾಲು) ಆಯಿತು ಅನ್ನುವುದೇ ಚಿಂತೆ. ಮಳೆ ನಿಲ್ಲುವ ಮೊದಲೇ ಗಂಡಸರು ಕಾಫಿ ತೋಟದವರಿಗೆಲ್ಲ ಫೋನ್ ಹಚ್ಚುತ್ತಾರೆ. ನಾನು ಮಾತ್ರ ಅಡುಗೆಮನೆಯಲ್ಲಿ ಕತ್ತೆತ್ತಿ ನಿಂತಿರುತ್ತೇನೆ, ಒಲೆಯ ನೇರಕ್ಕಿರುವ ಗಾಜಿನ ಹೆಂಚು ಹನಿ ಹಾಕುತ್ತದೋ ಇಲ್ಲವೋ ಅಂತ. ಮಾರ್ಚ್, ಏಪ್ರಿಲ್‌ನ ಆ ಮಳೆ ಸೂರಿಗೆ ಪರೀಕ್ಷೆ ಇದ್ದಹಾಗೆ. ಆಗ ಸೋರಿದ್ದು ಕಂಡರೆ ರಿಪೇರಿಗೆ ಇನ್ನೂ ಬಿಸಿಲು ಸಿಗುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಗೊತ್ತಾದರೆ ಬೇಸಿನ್ ಇಟ್ಟುಕೊಂಡು ಸೆಪ್ಟೆಂಬರ್‌ನ ಕೈಲ್ ಮುಹೂರ್ತ ಹಬ್ಬದ ತನಕ ಕಾಯುವುದೇ ಗತಿ.

ಮೊದಲು ಅದು ಸೋರಿಕೆಯೇ ಹೌದೋ ಅಂತ ನೋಡಿಕೊಳ್ಳಿ. ಹಿಂಭಾಗದಲ್ಲಿ ತಾರಸಿ ಹಾಕಿ ಬೆಳಕಿಂಡಿ ಬಿಡಿಸಿದ ವರ್ಷ, ಮಳೆಗಾಲದ ಆಟಿ ತಿಂಗಳಲ್ಲಿ ಸೊಸೆ ಕಡಂಬುಟ್ಟು (ಹಬೆಯಲ್ಲಿ ಬೇಯಿಸುವ ಅಕ್ಕಿ ಉಂಡೆ) ಬೇಯಿಸಲು ಇಟ್ಟಿದ್ದಳು. ‘ಅತ್ತೆ, ಹೊಸ ಗಾಜೂ ಸೋರ್ತಾ ಉಂಟು’ ಅಂದಳು. ಮೇಲೆ ನೋಡಿದರೆ ಗಾಜಿನ ತುಂಬ ಸಣ್ಣ ಸಣ್ಣ ಮುತ್ತು. ಅದು ಮಳೆನೀರಲ್ಲ, ಪಾತ್ರೆಯ ಹಬೆ. ಹೊರಗೆ ಚಳಿ ಹಿಡಿದ ಗಾಜಿಗೆ ಒಳಗಿನ ಬಿಸಿ ಹಬೆ ತಾಗಿ ಬೆವರುತ್ತದೆ. ಒಣ ಬಟ್ಟೆಯಲ್ಲಿ ಗಾಜಿನ ಒಳಮೈ ಒರೆಸಿ ಅರ್ಧ ಗಂಟೆ ಬಿಟ್ಟು ನೋಡಿ. ಇಡೀ ಗಾಜು ಬೆವರಿದರೆ ಹಬೆ. ಒಂದು ಅಂಚಿನಿಂದ ಗೆರೆಯಾಗಿ ಇಳಿದರೆ ಸೋರಿಕೆ. ಹಬೆಗೆ ಮದ್ದು ಕಿಟಕಿ ತೆರೆಯುವುದು ಇಲ್ಲವೇ ಹಬೆ ಎಳೆಯುವ ಫ್ಯಾನ್. ಅದಕ್ಕೆ ಸಿಲಿಕಾನ್ ಗಮ್ ಬಳಿದರೆ ದುಡ್ಡು ದಂಡ.

ನಿಜವಾದ ಸೋರಿಕೆಯಲ್ಲಿ ಜನ ತಪ್ಪುವುದು ಒಂದೇ ಕಡೆ: ಹನಿ ಬೀಳುವಲ್ಲೇ ತೂತು ಹುಡುಕುತ್ತಾರೆ. ನೀರು ಮೇಲೆಲ್ಲೋ ನುಗ್ಗಿ, ಹೆಂಚು ಹೊರುವ ಮರದ ಪಟ್ಟಿಯ, ಅಂದರೆ ರೀಪಿನ, ಕೆಳಮೈ ಹಿಡಿದು ಮೂರು ನಾಲ್ಕು ಅಡಿ ನಡೆದು, ಒಂದು ಗಂಟೋ ಮೊಳೆಯೋ ಸಿಕ್ಕಿದಲ್ಲಿ ತೊಟ್ಟಿಕ್ಕುತ್ತದೆ. ನಮ್ಮಲ್ಲಿಗೆ ಬಂದ ಕೆಲಸದವನೊಬ್ಬ ಮೂರು ಸಲ ಗಾಜಿನ ಕೆಳ ಅಂಚಿಗೇ ಗಮ್ ತುಂಬಿ ದುಡ್ಡು ಎಣಿಸಿಕೊಂಡು ಹೋದ. ಕೆಳ ಅಂಚು ನೀರು ಹೊರಗೆ ಹೋಗುವ ಬಾಗಿಲು. ಅದನ್ನು ಮುಚ್ಚಿದ್ದಕ್ಕೆ ನಿಂತ ನೀರೂ ಒಳಗೇ ಬಂತು. ಕೊನೆಗೆ ನಾನೇ ಒಂದು ಒಣ ದಿನ ಮಗನ ಕೈಗೆ ಪೈಪು ಕೊಟ್ಟು ಏಣಿ ಹತ್ತಿಸಿದೆ. ಮೊದಲು ಗಾಜಿನ ಕೆಳಗಡೆ ಹತ್ತು ನಿಮಿಷ ನೀರು, ಆಮೇಲೆ ಎರಡು ಪಕ್ಕ, ಕಡೆಗೆ ಮೇಲಂಚು. ಕೆಳಗಿಂದ ಮೇಲಕ್ಕೇ ಹೋಗಬೇಕು. ಮೇಲಿಂದ ಶುರುಮಾಡಿದರೆ ಎಲ್ಲ ಕಡೆ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ಒಳಗೆ ನಾನು ಸೀಮೆಸುಣ್ಣ ಹಿಡಿದು ಕೂತಿದ್ದೆ. ಮೇಲಂಚಿಗೆ ನೀರು ಬಿಟ್ಟ ಎರಡೇ ನಿಮಿಷಕ್ಕೆ ರೀಪು ಕಪ್ಪಾಯಿತು.

ಮೇಲೆ ನೋಡಿದರೆ ಏನು? ಸಿಲ್ವರ್ ಓಕ್‌ ಎಲೆ. ನೋಡಲು ಜರಿಗಿಡದ ಎಲೆಯಂತಿರುವ ಅದು ಒಂದರ ಮೇಲೊಂದು ಕೂತು ಚಾಪೆಯಾಗುತ್ತದೆ, ಬೇಗ ಕೊಳೆಯುವುದೂ ಇಲ್ಲ. ಗಾಜಿನ ಚೌಕಟ್ಟಿನ ಬೆನ್ನಿಗೆ ಅಣೆಕಟ್ಟು ಕಟ್ಟಿತ್ತು, ಮಣ್ಣು ಸೇರಿ ಒಂದು ಗೋಣಿಮರದ ಸಸಿಯೂ ಎದ್ದಿತ್ತು. ಬೊಗಸೆ ಕಸ ತೆಗೆದದ್ದೇ ರಿಪೇರಿ. ಅಂದಿನಿಂದ ಮೇ ಕೊನೆಗೊಮ್ಮೆ, ಮಳೆ ನಡುವೆ ಬಿಸಿಲು ಬಿಟ್ಟಾಗೊಮ್ಮೆ ಉದ್ದ ಕೋಲಿನ ಪೊರಕೆಯಿಂದ ಅಲ್ಲಿ ಗುಡಿಸಿಸುತ್ತೇನೆ.

ಹೆಂಚಿನ ಮನೆಯವರಿಗೆ ಒಂದು ಮಾತು. ಗಾಜಿನ ಹೆಂಚು ತರುವಾಗ ಮಾಡಿನಿಂದ ಒಂದು ಹಳೇ ಹೆಂಚು ಇಳಿಸಿ ಕೈಯಲ್ಲೇ ಹಿಡಿದುಕೊಂಡು ಹೋಗಿ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು. ಎಲ್ಲವೂ ಮಂಗಳೂರು ಹೆಂಚೇ, ಆದರೆ ಒಂದರ ತೋಡು ಇನ್ನೊಂದಕ್ಕೆ ಕೂರುವುದಿಲ್ಲ. ಒಂದು ನೂಲು ಎತ್ತರ ನಿಂತರೂ ಸಾಕು, ಪಶ್ಚಿಮದ ಗಾಳಿಗೆ ಇರಚಲು ಇಳಿಜಾರಿನ ಎದುರಿಗೇ ಹತ್ತಿ ಒಳಗೆ ಬರುತ್ತದೆ. ಸಾಧ್ಯವಿದ್ದರೆ ಪಶ್ಚಿಮದ ಮಾಡಿನಲ್ಲಿ ಗಾಜು ಬೇಡವೇ ಬೇಡ.

ಚೌಕಟ್ಟು ಇಟ್ಟು ಮಾಡಿಸಿದ ಬೆಳಕಿಂಡಿಯಾದರೆ ಸುತ್ತಲಿನ ಕಟ್ಟೆ ಸೂರಿನಿಂದ 6 ಇಂಚಾದರೂ ಮೇಲಿರಲಿ. ಚೌಕಟ್ಟಿನ ಸುತ್ತ ನೀರು ತಡೆಯುವ ತಗಡಿನ ಪಟ್ಟಿ ಕೂರಿಸುವ ಕ್ರಮ ಹೆಂಚು ಹೊದಿಸಿದಂತೆಯೇ: ಮೊದಲು ಕೆಳಗಿನದು, ಆಮೇಲೆ ಪಕ್ಕದ್ದು, ಕಡೆಗೆ ಮೇಲಿನದು. ಮೇಲಿನ ಪಟ್ಟಿಯ ಅಂಚು ಮೇಲಿನ ಹೆಂಚಿನ ಅಡಿಗೆ ಹೋಗಬೇಕು, ಕೆಳಗಿನ ಪಟ್ಟಿ ಕೆಳಗಿನ ಹೆಂಚಿನ ಮೇಲೆ ಇಳಿಯಬೇಕು. ಇದು ಉಲ್ಟಾ ಆದರೆ ಯಾವ ಗಮ್ಮೂ ಕಾಪಾಡುವುದಿಲ್ಲ. ಗಾಜಿನ ಬದಲು ಪಾಲಿಕಾರ್ಬೊನೇಟ್ ಶೀಟ್ ಹಾಕುವುದಾದರೆ ಒಂದು ಅಡಿಗೆ ಒಂದು ಇಂಚಿಗಿಂತ ಕಡಿಮೆ ಇಳಿಜಾರು ಕೊಡಬೇಡಿ. ಬಿಸಿಲಿಗೆ ಅದು ಹಿಗ್ಗುತ್ತದೆ. ತೂತು ಸ್ಕ್ರೂಗಿಂತ ಸ್ವಲ್ಪ ದೊಡ್ಡದಿರಲಿ, ರಬ್ಬರ್ ವಾಷರ್ ಹಾಕಿ, ಜಜ್ಜಿಹೋಗುವಷ್ಟು ಬಿಗಿಯುವುದು ಬೇಡ. ಬಿಸಿಲು ತಡೆಯುವ ಲೇಪನ ಇರುವ ಮೈ ಯಾವುದು ಅಂತ ಪ್ಲಾಸ್ಟಿಕ್ ಹಾಳೆಯ ಮೇಲೆ ಬರೆದಿರುತ್ತದೆ, ಅದನ್ನು ಓದಿಯೇ ಕಿತ್ತೆಸೆಯಿರಿ.

ಸಿಲಿಕಾನ್ ಬಳಿಯಲೇಬೇಕಾದರೆ ಹಳೆಯದನ್ನು ಬ್ಲೇಡಿನಿಂದ ಪೂರ್ತಿ ಕೆರೆದು ತೆಗೆಯಿರಿ. ಹಳೇ ಸಿಲಿಕಾನ್ ಮೇಲೆ ಹೊಸದು ಹಿಡಿಯುವುದಿಲ್ಲ, ಒದ್ದೆ ಮೈಗೂ ಹಿಡಿಯುವುದಿಲ್ಲ. ವಿನೆಗರ್‌ನಂತೆ ಹುಳಿ ವಾಸನೆ ಹೊಡೆಯುವ ಜಾತಿ ತಗಡು, ಸಿಮೆಂಟಿಗೆ ಆಗದು. ಅಂಗಡಿಯಲ್ಲಿ ನ್ಯೂಟ್ರಲ್ ಅಂತ ಕೇಳಿ ತನ್ನಿ. ದಿನಕ್ಕೆ 2–3 ಮಿಲಿಮೀಟರ್‌ನಷ್ಟೇ ಒಣಗುತ್ತದೆ, ಆದ್ದರಿಂದ ಮೋಡ ಕಟ್ಟಿದ ದಿನ ಆ ಕೆಲಸಕ್ಕೆ ಕೈ ಹಾಕಬೇಡಿ.

ಇನ್ನು ಜಡಿಮಳೆಯಲ್ಲೇ ಸೋರಲು ಶುರುವಾದರೆ? 2018ರ ಆಗಸ್ಟ್‌ನಲ್ಲಿ ಗುಡ್ಡವೇ ಜಾರಿ ಮನೆ ಕಳೆದುಕೊಂಡವರನ್ನು ನೋಡಿದ ಮೇಲೆ ಒಂದು ಹನಿಗೆ ಗೋಳಾಡಲು ನನಗೆ ನಾಚಿಕೆ. ಪಾಚಿಗಟ್ಟಿದ ಮಾಡು ಹತ್ತಲು ಯಾರನ್ನೂ ಬಿಡಬೇಡಿ. ಬಿಸಿಲಿನಲ್ಲೂ ಅಷ್ಟೇ, ಗಾಜಿನ ಹೆಂಚು, ಶೀಟು ಕಾಲಿಡುವ ಜಾಗವಲ್ಲ. ಮಳೆ ಬಿಟ್ಟ ಹೊತ್ತು ನೋಡಿ, ಏಣಿಯ ಮೇಲಿಂದಲೇ ಕೈಗೆ ಎಟುಕಿದರೆ, ಟಾರ್ಪಾಲಿನ ಮೇಲಂಚನ್ನು ಮೇಲಿನ ಸಾಲಿನ ಹೆಂಚಿನಡಿ ತೂರಿಸಿ ಉಳಿದದ್ದನ್ನು ಗಾಜಿನ ಮೇಲೆ ಇಳಿಬಿಡಿ. ಬರೀ ಮೇಲೆ ಹೊದಿಸಿ ಕಲ್ಲು ಹೇರಿದರೆ ನೀರು ಅದರಡಿಗೇ ಹರಿಯುತ್ತದೆ. ಹನಿ ಬಲ್ಬಿನ ವಯರಿನ ಹತ್ತಿರ ಬೀಳುತ್ತಿದ್ದರೆ ಮೊದಲು ಮೇನ್ ಸ್ವಿಚ್ ಆರಿಸಿ, ಬೇಸಿನ್ ಹುಡುಕುವುದು ಆಮೇಲೆ. ಬೇಸಿನ್ ಒಳಗೆ ಒಂದು ಹಳೇ ಬಟ್ಟೆ ಹಾಕಿ, ಇಲ್ಲದಿದ್ದರೆ ರಾತ್ರಿಯಿಡೀ ಟಪ್ ಟಪ್ ಅಂತ ಕೇಳಿಕೊಂಡೇ ಬೆಳಗಾಗುತ್ತದೆ.